ಹಿಂಡಿ ಮುಗಿದ ಪೆಟ್ಟಿಗೆ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೂ ನನ್ನ ಈ ಎರಡು ಹೆಬ್ಬೆರಳು ಇಲ್ಲೇ, ಈ ಮೇಜಿನ ಮೇಲೆ ಉದುರಿ ಬೀಳಲಿ. ಹೆಬ್ಬೆರಳಿನ ಆಣೆ ಎಂದರೆ ಹುಡುಗಾಟವಲ್ಲ. ಹದಿನೇಳು ವರ್ಷ ನಾನು ಅನ್ನ ತಿಂದದ್ದೇ ಇವುಗಳಿಂದ.

ಒಸಾಕಾದ ಜೂಸೋದಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ, ಟಿವಿ ಆಟ ಮಾಡುವ ಸಣ್ಣ ಕಂಪನಿಯೊಂದಿತ್ತು. ಒಟ್ಟು ಐದು ಜನ. ನನ್ನ ಕೆಲಸ ಬಟನ್ ಒತ್ತುವುದು. ಮಾಡಿದ ಆಟವನ್ನು ದಿನವಿಡೀ ಆಡಿ, ಅದು ಎಲ್ಲಿ ಮುಗ್ಗರಿಸುತ್ತದೆ ಎಂದು ಹುಡುಕಿ ಹೇಳಬೇಕು. ಒಂದು ಗೋಡೆಗೆ ನಾನು ಸಾವಿರ ಸಲ ತಲೆ ಚಚ್ಚಿದ ಮೇಲೆಯೇ ಅದು ಗೋಡೆ ಎಂದು ಲೆಕ್ಕ. ಹದಿನೈದಕ್ಕೆ ಶಾಲೆ ಬಿಟ್ಟವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾರು ಕೊಡುತ್ತಾರೆ?

ಆಟ ಬರೆಯುತ್ತಿದ್ದವನು ನುಕುಯಿ. ನಲವತ್ತು ವರ್ಷ, ಎರಡು ಅಂಗಿ, ಮಾತು ಕಡಿಮೆ. ಅವನು ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆಯ ಬೆನ್ನ ಮೇಲೆ ಅಂಗೈ ಇಟ್ಟು, ವೈದ್ಯರು ನಾಡಿ ನೋಡುವ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದ.

"ಕಿನುಯೆ ಅಕ್ಕ, ಇದು ಸುಮ್ನೆ ಕೂತಿದೆ," ಅನ್ನುತ್ತಿದ್ದ. "ಚಿತ್ರ ಬರೆಯೋ ಕಿರಣ ಟಿವಿಯ ಕೆಳಗಡೆಯಿಂದ ಮತ್ತೆ ಮೇಲಕ್ಕೆ ಹೋಗತ್ತಲ್ಲ, ಆ ಒಂದು ಚಿಟಿಕೆ ಹೊತ್ತು ಇದಕ್ಕೆ ಕೆಲಸಾನೇ ಇಲ್ಲ."

"ನಿಂಗೂ ಊಟ ಆದ್ಮೇಲೆ ಒಂದು ಚಿಟಿಕೆ ಹೊತ್ತು ಕೆಲಸ ಇರಲ್ಲ. ನಾನು ಏನಾದ್ರೂ ಅಂದ್ನಾ?"

"ಅಷ್ಟು ಹೊತ್ತಲ್ಲಿ ಒಂದು ಮಗು ಸಾಕಬಹುದು ಅಕ್ಕ."

ಸಾಕಿದ. ಮಗುವನ್ನಲ್ಲ, ಮೀನುಗಳನ್ನು. ಅವನ ತಾಯಿ ತೋಬಾ ಕಡಲಲ್ಲಿ ಮುಳುಗಿ ಮುತ್ತಿನ ಚಿಪ್ಪು ತೆಗೆಯುತ್ತಿದ್ದವಳು. ಅವನು ಮೂರು ವರ್ಷ ಬರೆದ ಆಟದಲ್ಲೂ ಒಬ್ಬ ಹೆಂಗಸು ತಲೆಗೆ ಬಿಳಿ ಬಟ್ಟೆ ಕಟ್ಟಿ ಉಸಿರು ಹಿಡಿದು ಸಮುದ್ರಕ್ಕಿಳಿಯುತ್ತಾಳೆ. ಕೆಳಗೆ ಹನ್ನೆರಡು ಸಾವಿರ ಮೀನು. ಎಣಿಸಿದವಳು ನಾನೇ. ಆ ಹಳೆ ಪೆಟ್ಟಿಗೆಯಲ್ಲಿ ಬೇರೆ ಕಂಪನಿಯವರು ಮೂವತ್ತು ಮೀನು ಬಿಟ್ಟರೆ ಚಿತ್ರ ನಡುಗುತ್ತಿತ್ತು. ನುಕುಯಿ ಸದ್ದು ಮಾಡುವ ಚಿಪ್‌ಗೆ ಅಲೆಗಳ ಲೆಕ್ಕ ಕೊಟ್ಟ. ಒಂದು ಮೀನನ್ನು ತಿರುಗಿಸಿ, ಮಗುಚಿ, ನೆರಳು ಬೆಳಕು ಬದಲಿಸಿ ನಾನೂರು ಮಾಡಿದ. ಪೆಟ್ಟಿಗೆ ಎಷ್ಟು ದುಡಿಯುತ್ತಿತ್ತೆಂದರೆ ನಾನು ಅದರ ಬೆನ್ನ ಮೇಲೆ ಒಣ ಸ್ಕ್ವಿಡ್ ಮೀನು ಸುಟ್ಟು ತಿನ್ನುತ್ತಿದ್ದೆ. ಹದವಾಗಿ ಸುಡುತ್ತಿತ್ತು.

ಇನ್ನು ಇಸಾಯಾಮ. ಆ ಪೆಟ್ಟಿಗೆ ತಯಾರಿಸುವ ದೊಡ್ಡ ಕಂಪನಿಯ ಮೇಲಧಿಕಾರಿ, ಟೋಕಿಯೋದವನು. ಯಾರು ಯಾವ ಆಟ ಮಾಡಿದರೂ ಆ ಕಂಪನಿ ಒಪ್ಪಿಗೆ ಕೊಟ್ಟರೆ ಮಾತ್ರ ಅಂಗಡಿಗೆ ಹೋಗಬೇಕು. ಆ ಒಪ್ಪಿಗೆ ಇಸಾಯಾಮನ ಕೈಯಲ್ಲಿತ್ತು, ಅವನ ಮಾತು ಮೀರಿದರೆ ನಮ್ಮ ಯಾವ ಆಟಕ್ಕೂ ದಾರಿಯಿಲ್ಲ. ನಮ್ಮ ಆಟ ನೋಡಲು ಅವನೇ ಬಂದ. ಶೂ ಬಿಚ್ಚಿ ಒಳಗೆ ಬಂದು, ಹತ್ತು ನಿಮಿಷ ನೋಡಿದ. ಅವನ ಮುಖ ಹುಳಿಯಾಯಿತು.

"ತುಂಬಾ ಚೆನ್ನಾಗಿದೆ. ಅದೇ ತೊಂದರೆ," ಎಂದ. "ನಮ್ಮ ಹೊಸ ಪೆಟ್ಟಿಗೆ ಬರುತ್ತಿದೆ. ಹಳೆಯದನ್ನು ಪೂರ್ತಿ ಹಿಂಡಿ ಆಯಿತು, ಇನ್ನೊಂದು ತೊಟ್ಟೂ ಉಳಿದಿಲ್ಲ ಎಂದು ಪತ್ರಿಕೆಗಳಿಗೆ ನಾನು ಹೇಳಿಯಾಗಿದೆ. ತಾವು ಹೀಗೆ ಬಿಂದಿಗೆ ತುಂಬಿಸಿ ತಂದಿಟ್ಟರೆ ನನ್ನ ಮಾತು ಏನಾಗಬೇಕು?"

ನುಕುಯಿ ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದ. "ಸಾಹೇಬ್ರೆ, ಯಾವ ಪೆಟ್ಟಿಗೇನೂ ಯಾರೂ ಪೂರ್ತಿ ಹಿಂಡಿಲ್ಲ. ಮೊದಲ ವರ್ಷ ಬಾಗಿಲು ಯಾವ ಕಡೆ ಅಂತ ಗೊತ್ತಾಗತ್ತೆ. ಎರಡನೇ ವರ್ಷ ಅಡುಗೆಮನೆ ಸಿಗತ್ತೆ. ಅಕ್ಕಿ ಎಲ್ಲಿಟ್ಟಿದಾರೆ ಅಂತ ತಿಳಿಯೋ ಹೊತ್ತಿಗೆ ನೀವು ಮನೆ ಕೆಡವಿ ಹೊಸ ಮನೆ ಬೀಗದ ಕೈ ಕೊಡ್ತೀರ."

"ಹಾಗಾದರೆ ಕೆಡವೋಣ," ಎಂದ ಇಸಾಯಾಮ.

ಆ ಕಾಲದಲ್ಲಿ ಆಟ ತುಂಬಿಸಿ ಪೆಟ್ಟಿಗೆಗೆ ಸಿಕ್ಕಿಸುತ್ತಿದ್ದ, ಪರೀಕ್ಷೆಗೆಂದು ಮಾಡಿದ ಕ್ಯಾಸೆಟ್‌ನೊಳಗಿನ ಚಿಪ್‌ಗೆ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ ಇರುತ್ತಿತ್ತು, ಮೇಲೊಂದು ಚೀಟಿ ಅಂಟಿಸಿರುತ್ತಿದ್ದೆವು. ಚೀಟಿ ಕಿತ್ತು ನೀಲಿ ದೀಪದ ಡಬ್ಬಿಯಲ್ಲಿ ಅರ್ಧ ಗಂಟೆ ಇಟ್ಟರೆ ಒಳಗೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಇಸಾಯಾಮ ಪಟ್ಟಿಯ ಕಾಗದ ತೆಗೆದು, ಅದರಲ್ಲಿದ್ದ ಹನ್ನೆರಡು ಕ್ಯಾಸೆಟ್ ಎಣಿಸಿದ. ಫ್ಲಾಪಿಗಳನ್ನೆಲ್ಲ ಚೀಲಕ್ಕೆ ತುಂಬಿದ. ಆಮೇಲೆ ಆ ಚೀಟಿಗಳನ್ನು ನುಕುಯಿಯ ಉಗುರಿನಿಂದಲೇ ಕೀಳಿಸಿದ, ಅವನ ಕೈಯಿಂದಲೇ ಡಬ್ಬಿಗೆ ಇಡಿಸಿದ. ಅಳಿಸುವವರೆಗೆ ಏನು ಮಾಡುವುದು? ಎದುರಿನ ಹೋಟೆಲಿನಿಂದ ಹಾವುಮೀನಿನ ಊಟದ ಡಬ್ಬಿ ತರಿಸಿಕೊಂಡ. ಮುಳ್ಳು ಬಿಡಿಸುತ್ತಾ, ಅನ್ನದ ಅಗುಳು ಒಂದೊಂದೇ ಹೆಕ್ಕುತ್ತಾ ಉಂಡ. ನುಕುಯಿ ನೀಲಿ ಬೆಳಕು ನೋಡುತ್ತಾ ಕೂತಿದ್ದ. ಹನ್ನೆರಡು ಸಾವಿರ ಮೀನು, ಮೂವತ್ತು ನಿಮಿಷ. ಕಡೆಗೆ ಇಸಾಯಾಮ ಹಲ್ಲುಕಡ್ಡಿ ಹಾಕಿಕೊಂಡು, "ನೋಡಿದಿರಾ, ಈಗ ನಿಜವಾಗಿಯೂ ಒಂದು ತೊಟ್ಟೂ ಇಲ್ಲ" ಎಂದು ನಕ್ಕ.

ಬೇಡದವನು ಹೋದ ಮೇಲೆ ಬಾಗಿಲಿಗೆ ಒಂದು ಚಿಟಿಕೆ ಉಪ್ಪು ಎರಚುವುದು ನಮ್ಮಲ್ಲಿ ರೂಢಿ. ನಾನು ಎರಡು ಕಿಲೋ ಎರಚಿದೆ. ಸೈಕಲ್ ಅಂಗಡಿಯವನ ಚಕ್ರಗಳೆಲ್ಲ ವಾರದೊಳಗೆ ತುಕ್ಕು ಹಿಡಿದವು. ಅವನು ಬೈಯುತ್ತಾ ಮೇಲೆ ಬಂದ, ಕಥೆ ಕೇಳಿ ತಾನೂ ಒಂದು ಹಿಡಿ ಎರಚಿ ಹೋದ.

ಆಮೇಲೆ ನಾನು ಏಪ್ರನ್ ಜೇಬಿಗೆ ಕೈ ಹಾಕಿ ಹದಿಮೂರನೆಯ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟೆ. ಮನೆಯಲ್ಲಿ ಆಡಲಿ ಎಂದು ನುಕುಯಿಯೇ ನನಗೆ ಗುಜರಿ ಚಿಪ್ ಬೆಸೆದು ಮಾಡಿಕೊಟ್ಟಿದ್ದದ್ದು. ಯಾವ ಕಾಗದದಲ್ಲೂ ಅದರ ಹೆಸರಿರಲಿಲ್ಲ. ನುಕುಯಿ ಅದನ್ನು ನೋಡಿದ. ಮೂರು ವರ್ಷದಲ್ಲಿ ಮೊದಲ ಸಲ ಅವನ ಹಲ್ಲು ಕಂಡವು.

"ಅಕ್ಕ, ಇನ್ನೂ ಇದೆ ಅಂತ ಅವನ ಬಾಯಿಂದಾನೇ ಹೇಳಿಸಬೇಕು."

"ಬರೀ ಹೇಳ್ಸೋದಾ? ಮೈಕ್ ಹಿಡಿಸಿ ಹೇಳ್ಸೋಣ."

ಒಂದೂವರೆ ವರ್ಷ ಕಾದೆವು. ಒಂದು ದಿನ ಇಸಾಯಾಮನೇ ಮೆಟ್ಟಿಲು ಹತ್ತಿ ಬಂದ, ಕೈಯಲ್ಲಿ ಸಿಹಿ ಹುರುಳಿ ಬರ್ಫಿಯ ಪೊಟ್ಟಣ. ಹೊಸ ಪೆಟ್ಟಿಗೆಯನ್ನು ಜನರಿಗೆ ತೋರಿಸಲು ನಲವತ್ತು ದಿನ ಉಳಿದಿತ್ತು, ತೋರಿಸಲು ಆಟವೇ ಇರಲಿಲ್ಲ. ಅವನ ಟೋಕಿಯೋದ ಜಾಣರಿಗೆ ಹೊಸ ಪೆಟ್ಟಿಗೆಯ ಬಾಗಿಲೇ ಸಿಕ್ಕಿರಲಿಲ್ಲ. ಹಳೆಯದಕ್ಕಿಂತ ಐವತ್ತು ಪಟ್ಟು ಬಲ ಅಂತೆ, ಆದರೆ ಪರದೆಯ ಮೇಲೆ ಮೂರೇ ಮೀನು, ಅದರಲ್ಲೊಂದು ಹಿಂದಕ್ಕೆ ಈಜುತ್ತಿತ್ತು.

"ಆ ಸಮುದ್ರ ನೆನಪಿದೆಯಲ್ಲ? ಅದನ್ನು ಹೊಸದಕ್ಕೆ ಬರೆದುಕೊಡಿ. ಹಳೆಯದನ್ನು ಮರೆತುಬಿಡೋಣ," ಎಂದು ತಲೆ ಬಾಗಿಸಿದ. ಕುತ್ತಿಗೆ ಮಾತ್ರ ಬಾಗಿತು, ಸೊಂಟ ಬಾಗಲಿಲ್ಲ.

"ಆಗ್ಲಿ ಸಾಹೇಬ್ರೆ," ಎಂದ ನುಕುಯಿ. "ತೋರ್ಸೋ ದಿನ ಮೇಜು ನಾನೇ ಜೋಡಿಸ್ತೀನಿ. ಬೇರೆ ಯಾರೂ ಕೈ ಹಾಕ್ಬಾರ್ದು."

ಇದು ನಿನಗೆ ಗೊತ್ತಿರಲಿ. ಹೊಸ ಪೆಟ್ಟಿಗೆಯನ್ನು ಮೊದಲ ಸಲ ತೋರಿಸುವ ದಿನ ಅದು ಯಾವತ್ತೂ ತಯಾರಿರುವುದಿಲ್ಲ. ಗಾಜಿನೊಳಗೆ ಮಿನುಗುವುದು ಖಾಲಿ ಚಿಪ್ಪು. ಚಿತ್ರ ಬರುವುದು ಮೇಜಿನ ಕೆಳಗೆ, ಬಟ್ಟೆಯ ಮರೆಯಲ್ಲಿ ಅಡಗಿಸಿಟ್ಟ ದೊಡ್ಡ ಕಂಪ್ಯೂಟರಿನಿಂದ. ಈ ಕಸುಬಿನವರಿಗೆಲ್ಲ ಗೊತ್ತು, ಆದರೆ ಯಾರೂ ಬಟ್ಟೆ ಎತ್ತುವುದಿಲ್ಲ. ಎತ್ತಿದರೆ ಮರ್ಯಾದೆಗೇಡು. ಅದರಲ್ಲೂ ಇಸಾಯಾಮ, ಬಟ್ಟೆ ಎತ್ತಬಾರದು ಎಂದು ಇಡೀ ಕಂಪನಿಗೆ ಕಲಿಸಿದವನು, ತಾನು ಬಗ್ಗಿ ನೋಡುತ್ತಾನೆಯೇ?

ನೋಡಲಿಲ್ಲ. ಟೋಕಿಯೋ ಹತ್ತಿರದ ಮಕುಹಾರಿಯ ದೊಡ್ಡ ಸಭಾಂಗಣದಲ್ಲಿ, ನೀಲಿ ಮಖಮಲ್ ಬಟ್ಟೆಯ ಕೆಳಗೆ ಇದ್ದದ್ದು ದೊಡ್ಡ ಕಂಪ್ಯೂಟರ್ ಅಲ್ಲ. ನಮ್ಮ ಹಳೆ ಪೆಟ್ಟಿಗೆ, ನನ್ನ ಸಿಗರೇಟ್ ಹೊಗೆಗೆ ಹಳದಿಯಾದದ್ದು, ಅದರ ಬಾಯಲ್ಲಿ ಹದಿಮೂರನೆಯ ಕ್ಯಾಸೆಟ್. ಪಕ್ಕದಲ್ಲಿ ನಾನು, ಮಂಡಿ ಗಲ್ಲಕ್ಕೆ ತಾಗಿಸಿ. ಕ್ಯಾಸೆಟ್ ಸಡಿಲವಿತ್ತು, ಹೆಬ್ಬೆರಳಿನಿಂದ ಒತ್ತಿ ಹಿಡಿಯದಿದ್ದರೆ ಚಿತ್ರ ಹೋಗುತ್ತಿತ್ತು. ಇನ್ನೊಂದು ಕೈಯಲ್ಲಿ ಬೀಸಣಿಗೆ. ಬೀಸಿದ್ದು ಪೆಟ್ಟಿಗೆಗೆ, ನನಗಲ್ಲ.

ಎರಡು ಸಾವಿರ ಜನ. ಮೊದಲ ಸಾಲಿನಲ್ಲಿ ಕಂಪನಿಯ ಮುದಿ ಯಜಮಾನ, ಆ ಹಳೆ ಪೆಟ್ಟಿಗೆಯನ್ನು ತನ್ನ ಕೈಯಾರೆ ಮಾಡಿದವನು. ನುಕುಯಿ ಬಟನ್ ಒತ್ತಿದ, ಹೆಂಗಸು ಸಮುದ್ರಕ್ಕೆ ಹಾರಿದಳು. ಮೀನುಗಳು ಎದ್ದವು. ಸಭೆಗೆ ಸಭೆಯೇ ಉಸಿರು ಹಿಡಿದದ್ದು ಬಟ್ಟೆಯೊಳಗಿನ ನನಗೂ ಕೇಳಿಸಿತು.

"ನೋಡಿ!" ಎಂದು ಇಸಾಯಾಮ ಮೈಕಿನಲ್ಲಿ ಕೂಗಿದ. "ಹಳೆಯ ಪೆಟ್ಟಿಗೆ ಇನ್ನೂ ನೂರು ವರ್ಷ ತಿಣುಕಿದರೂ ಇಂಥದೊಂದು ಅಲೆ ಎಬ್ಬಿಸಲಾರದು. ಅದನ್ನು ಹಿಂಡಿ ಆಯಿತು. ಇದು ಹೊಸ ಕಾಲ!"

ಆಗ ಹಿಂದಿನ ಸಾಲಿನಿಂದ ಪತ್ರಿಕೆಯವನೊಬ್ಬ ಕೂಗಿದ: "ಸ್ವಾಮೀ, ಇದು ವಿಡಿಯೋ ಟೇಪ್ ಅಲ್ವಾ?"

ಪ್ರತಿ ಸಲವೂ ಯಾರಾದರೂ ಹೀಗೆ ಕೂಗುತ್ತಾರೆ. ನಾವು ಕಾದು ಕೂತಿದ್ದದ್ದು ಇದಕ್ಕೇ.

ಇಸಾಯಾಮನಿಗೆ ರೇಗಿತು. "ಟೇಪ್? ನುಕುಯಿ, ಆರಿಸಿ ಮತ್ತೆ ಹಾಕಿ ತೋರಿಸಿ."

"ಬೇಡಿ ಸಾಹೇಬ್ರೆ," ಎಂದ ನುಕುಯಿ. ಅವನ ದನಿ ಬೆಣ್ಣೆಯ ಹಾಗಿತ್ತು. "ಆರಿಸಿದ್ರೆ ಚೆನ್ನಾಗಿರಲ್ಲ."

"ಆರಿಸಿ ಎಂದೆ!"

"ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ನನಗೆ ಬುದ್ಧಿ ಹೇಳುತ್ತೀರಾ? ಎಲ್ಲರೆದುರು ಅಪ್ಪಣೆ ಮಾಡುತ್ತಿದ್ದೇನೆ. ಆರಿಸಿ, ಹಾಕಿ!"

ಅಪ್ಪಣೆ ಎಂದ ಮೇಲೆ ಮುಗಿಯಿತಲ್ಲ. ನಾನು ಆರಿಸಿದೆ. ಬಾಯಲ್ಲಿ ಮೂರು ಎಣಿಸಿದೆ. ಹಾಕಿದೆ.

ಆ ಹಳೆ ಪೆಟ್ಟಿಗೆಗೆ ಒಂದು ಅಭ್ಯಾಸವಿತ್ತು. ಹಾಕಿದ ಕೂಡಲೇ ಐದು ಸ್ವರದ ಒಂದು ಹಾಡು ಹೇಳಿ, ತನ್ನ ಹೆಸರನ್ನು ಕೆಂಪು ಅಕ್ಷರದಲ್ಲಿ ತೋರಿಸುತ್ತಿತ್ತು. ಜಪಾನಿನ ಮಕ್ಕಳು ಅಮ್ಮನ ದನಿಗಿಂತ ಮೊದಲು ಗುರುತಿಸುತ್ತಿದ್ದ ಹಾಡು ಅದು. ಮೊದಲ ಸಲ ಜನ ಬರುವ ಮುಂಚೆಯೇ ಹಾಕಿಟ್ಟಿದ್ದೆ, ಹಾಗಾಗಿ ಯಾರೂ ಕೇಳಿರಲಿಲ್ಲ. ಆ ಐದು ಸ್ವರ ಅಷ್ಟು ದೊಡ್ಡ ಸಭಾಂಗಣದ ತುಂಬ ಮೊಳಗಿತು. ಮೂವತ್ತು ಅಡಿ ಪರದೆಯ ಮೇಲೆ ಕೆಂಪು ಹೆಸರು ನಿಂತಿತು. ಅದರ ಹಿಂದೆಯೇ ಸಮುದ್ರ, ಹನ್ನೆರಡು ಸಾವಿರ ಮೀನು.

ಇಸಾಯಾಮನ ಕಾಲು ಮಾತ್ರ ನನಗೆ ಬಟ್ಟೆಯಂಚಿನಿಂದ ಕಾಣುತ್ತಿತ್ತು. ಬಲಗಾಲ ಶೂ ಒಂದೊಂದೇ ಅಂಗುಲ ಹಿಂದಕ್ಕೆ ಸರಿಯುತ್ತಿತ್ತು. ಅಂಥ ಸೊಗಸಾದ ದೃಶ್ಯ ನಾನು ಮತ್ತೆ ಕಂಡಿಲ್ಲ.

ನುಕುಯಿ ಮೈಕ್ ತೆಗೆದುಕೊಂಡ. "ಒಂದೇ ಮಾತು ಸಾಹೇಬ್ರೆ. ಹಳೇ ಪೆಟ್ಟಿಗೇಲಿ ಇನ್ನೂ ಇದೆಯಾ, ಮುಗಿದಿದೆಯಾ?"

ಮುಗಿದಿದೆ ಎಂದರೆ ಪರದೆ ಎದುರಿಗಿದೆ. ಇದೆ ಎಂದರೆ ಹೊಸದನ್ನು ಯಾರು ಕೊಳ್ಳುತ್ತಾರೆ? ಇಸಾಯಾಮ ಗಂಟಲಲ್ಲೇ ಏನೋ ಅಂದ.

"ಕೇಳಿಸ್ಲಿಲ್ಲಾ!" ಎಂದು ನಾನು ಮೇಜಿನ ಕೆಳಗಿನಿಂದ ಕೂಗಿದೆ.

ಎರಡು ಸಾವಿರ ಜನ ಒಟ್ಟಿಗೆ ನಕ್ಕರೆ ಮಖಮಲ್ ಬಟ್ಟೆ ಹಾರುತ್ತದೆ, ನಂಬು. ನಿಜವಾಗಿಯೂ ಹಾರಿತು. ನಾನು ಹಳದಿ ಪೆಟ್ಟಿಗೆಯ ಕ್ಯಾಸೆಟ್ ಒತ್ತಿ ಹಿಡಿದು ಕೂತದ್ದು ಎಲ್ಲರಿಗೂ ಕಂಡಿತು.

"ಇದೆ," ಎಂದ ಇಸಾಯಾಮ ಮೈಕಿನಲ್ಲಿ. "ಇನ್ನೂ ಇದೆ."

ಮುದಿ ಯಜಮಾನ ಎದ್ದು ನಿಂತ. "ನನ್ನ ಕೈಯಲ್ಲಿ ಮಾಡಿದ ಪೆಟ್ಟಿಗೆ ಅದು. ಅದ್ರೊಳಗೆ ಸಮುದ್ರ ಇದೆ ಅಂತ ನಂಗೇ ಗೊತ್ತಿರ್ಲಿಲ್ಲ. ಇಂಥ ಆಟ ಅಂಗಡಿಗೆ ಯಾಕೆ ಬಂದಿಲ್ಲ?"

ಎಲ್ಲರೂ ಇಸಾಯಾಮನ ಕಡೆ ತಿರುಗಿದರು. ಅವನ ಸೊಂಟ ಆಗ ಬಾಗಿತು. ನುಕುಯಿಯ ಎದುರು, ಹಣೆ ನೆಲಕ್ಕೆ ತಾಗುವವರೆಗೆ. ನುಕುಯಿ ಅವನನ್ನು ಏಳಿ ಎನ್ನಲಿಲ್ಲ. ಆಟವನ್ನು ಮುಂದುವರಿಸಿದ. ಆ ಹೆಂಗಸು ಸಮುದ್ರದ ತಳ ಮುಟ್ಟಿ, ಚಿಪ್ಪು ತೆಗೆದುಕೊಂಡು, ಮೇಲೆ ಬಂದು ಉಸಿರು ಬಿಡುವವರೆಗೂ ಆಡಿದ. ಅದಕ್ಕೆ ಹಿಡಿದದ್ದು ಸರಿಯಾಗಿ ಮೂವತ್ತು ನಿಮಿಷ. ಅಷ್ಟು ಹೊತ್ತೂ ಇಸಾಯಾಮನ ಹಣೆ ನೆಲದ ಮೇಲೆಯೇ ಇತ್ತು.

ಆಟ ಬೇಸಿಗೆಗೆ ಅಂಗಡಿಗೆ ಬಂತು. ನುಕುಯಿಯ ತಾಯಿ ತೋಬಾದಲ್ಲಿ ಅದನ್ನು ಆಡಿ, "ಉಸಿರು ಸರಿಯಾಗಿದೆ, ಕಾಲು ಬಡಿಯೋದು ತಪ್ಪು" ಎಂದು ಕಾಗದ ಬರೆದಳು. ಇಸಾಯಾಮನನ್ನು ಗಿರಾಕಿಗಳ ದೂರು ಕೇಳುವ ಫೋನಿನ ಮುಂದೆ ಕೂರಿಸಿದರು. ಇಡೀ ದೇಶದ ಮಕ್ಕಳು ಫೋನ್ ಮಾಡುತ್ತಿದ್ದರು: "ಮಾಮಾ, ಹಳೇದ್ರಲ್ಲಿ ಅಷ್ಟೊಂದು ಮೀನಿತ್ತಲ್ಲ, ಹೊಸದ್ರಲ್ಲಿ ಮೂರೇ ಯಾಕೆ?" ಅವನು ಪ್ರತಿ ಮಗುವಿಗೂ ಕ್ಷಮೆ ಕೇಳಬೇಕು, ಅದು ಅಲ್ಲಿಯ ನಿಯಮ. ನಾನೂ ಮಗುವಿನ ದನಿ ಮಾಡಿಕೊಂಡು ವಾರಕ್ಕೊಂದು ಸಲ ಫೋನ್ ಮಾಡುತ್ತಿದ್ದೆ. ಅವನು ನಿವೃತ್ತಿಯಾಗುವವರೆಗೂ, ಹನ್ನೊಂದು ವರ್ಷ, ಒಂದು ವಾರವೂ ತಪ್ಪಿಸಲಿಲ್ಲ.

ಹೆಬ್ಬೆರಳು ನೋಡಿದೆಯಾ? ಎರಡೂ ಇವೆ. ಮತ್ತೇನು ಬೇಕು ಸಾಕ್ಷಿ?

ಹೋದ ವಾರ ನೀನು ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತು ಹೊಸ ಪೆಟ್ಟಿಗೆ ಕೊಂಡು ತಂದದ್ದು ಬೀದಿಗೆಲ್ಲ ಗೊತ್ತು. ಹಳೆಯದು ಮುಗಿಯಿತು, ಇನ್ನು ಕಸಕ್ಕೆ ಎಂದೆಯಂತೆ. ಕಸಕ್ಕೇಕೆ ಹಾಕುತ್ತೀಯ? ನಾಳೆ ಬರುವಾಗ ಇಲ್ಲಿಗೇ ತಂದುಬಿಡು. ತಂತಿ, ಎರಡೂ ಬಟನ್ ಹಿಡಿಗಳು, ಡಬ್ಬಿ ಸಮೇತ. ಮತ್ತೆ ಒರೆಸಿ ತಾ, ನನಗೆ ಧೂಳು ಆಗುವುದಿಲ್ಲ.