ಹಿಪ್ಪುನೇರಳೆಯ ಹೂಕುಚ್ಚು

"ಯಾರ್ ಕಟ್ ಪಣ್ಣದು? ಓನರ್ ಆಂಟಿಯಾ?"

ಶಾಲೆಯ ಕ್ಯಾಂಪಿನಿಂದ ಆಗಷ್ಟೇ ಬಂದಿಳಿದ ನಂದಿತಾ, ಯಾರು ಕತ್ತರಿಸಿದ್ದೆಂದು ತಮಿಳಿನಲ್ಲಿ ಕೇಳುತ್ತ ಗೇಟಿನ ಬಳಿಯೇ ನಿಂತುಬಿಟ್ಟಿದ್ದಳು. ಕಾಂಪೌಂಡಿನ ಮೂಲೆಯ ಹಿಪ್ಪುನೇರಳೆ ಗಿಡ ಮೊಣಕಾಲೆತ್ತರದ ಮೋಟಾಗಿತ್ತು. ಪಕ್ಕದಲ್ಲಿ ಕಡ್ಡಿಗಳ ರಾಶಿ. ಗೆಣ್ಣುಗೆಣ್ಣಿಗೂ ಬಿಟ್ಟಿದ್ದ ಹಸಿರು ಹೂಕುಚ್ಚುಗಳು ತಮಿಳುಸೀಮೆಯ ಮಾಧವರಂನ ಬಿಸಿಲಿಗೆ ಬಾಡಿ, ಹುಳುಗಳ ಹಾಗೆ ಮುರುಟಿಕೊಂಡಿದ್ದವು.

ಅವಳಮ್ಮ ಬೃಂದಾ ಪೊರಕೆ ಹಿಡಿದುಕೊಂಡೇ ನಕ್ಕಳು. "ಆಂಟಿ ಎಲ್ಲಿ ಬಂದ್ರು, ನಾನೇ ಕಣೇ! ಇನ್ನು ನೋಡ್ತಿರು, ಹೆಂಗೆ ಚಿಗುರತ್ತೆ ಅಂತ."

ವಾರವೆಲ್ಲ ಗಿಂಡಿಯ ಆಫೀಸಿಗೆ ಅಲೆದು ಹಣ್ಣಾದವಳು ಭಾನುವಾರದ ನಿದ್ದೆ ಬಿಟ್ಟು ಈ ಕೆಲಸಕ್ಕೆ ಕೂತಿದ್ದಳು. ಎಲೆಯ ಮೇಲೆ ರೋಗದ ಚುಕ್ಕೆ ಕಂಡಿತ್ತು. ಕನಕಪುರದ ಕಡೆ ಅವಳಪ್ಪ ರೇಷ್ಮೆಹುಳು ಸಾಕಿದವರು. ಗಿಡ ಸೊರಗಿದರೆ ಬುಡದವರೆಗೂ ಕಟಾವು ಮಾಡುವುದೇ ಅವರ ಮದ್ದು. ಸೊಪ್ಪೆಲ್ಲ ಹುಳುವಿಗೆ. ಹಣ್ಣಾಗಲಿ ಎಂದು ಅಲ್ಲಿ ಯಾವ ಗಿಡವನ್ನೂ ಬಿಟ್ಟವರಿಲ್ಲ. ಅಡುಗೆಮನೆಯ ಕತ್ತರಿಯಲ್ಲೇ ಒಂದೊಂದು ಕಡ್ಡಿ ಕತ್ತರಿಸಿ ಬೃಂದಾಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಹೂಕುಚ್ಚು ಕಂಡಾಗ ಒಮ್ಮೆ ಕೈ ತಡೆದಿದ್ದು ನಿಜ. ಹೊಸ ಚಿಗುರಿನಲ್ಲಿ ಇನ್ನೂ ಜಾಸ್ತಿ ಬರುತ್ತದಲ್ಲ ಎಂದುಕೊಂಡು ಮುಂದುವರಿಸಿದ್ದಳು.

ಕ್ಯಾಂಪಿಗೆ ಹೊರಡುವ ಮುನ್ನ ನಂದಿತಾ ಹೆದರಿದ್ದು ಓನರ್ ಆಂಟಿಗೆ. ಕಸ ಬೀಳುತ್ತದೆ, ತೆಗೆಸಿ ಎಂದು ಆಕೆ ಗೊಣಗುತ್ತಲೇ ಇದ್ದಳು. ಅದಕ್ಕೇ ಹುಡುಗಿ ಅಮ್ಮನಿಂದ ಕೈಮೇಲೆ ಕೈ ಹಾಕಿಸಿಕೊಂಡು ಭಾಷೆ ಪಡೆದಿದ್ದಳು.

"ಕತ್ತರಿಸಿದ್ರೇನೇ ಪುಟ್ಟಿ, ಜಾಸ್ತಿ ಹಣ್ಣು ಬಿಡೋದು. ನಿಮ್ ತಾತ..."

"ಹಣ್ಣಾಗೋ ತನ್ಕ ಯಾರ್ನೂ ಮುಟ್ಟಕ್ಕೆ ಬಿಡಲ್ಲ ಅಂದಿದ್ದೆ ನೀನು."

ಏನು ಕೇಳಿದರೂ ತಮಿಳಿನಲ್ಲೇ ಉತ್ತರಿಸುವವಳು ಇದನ್ನು ಕನ್ನಡದಲ್ಲಿ ಹೇಳಿದಳು, ಒಂದೊಂದೇ ಪದ ಹುಡುಕಿ. ಬೃಂದಾಳ ಪೊರಕೆ ನಿಂತಿತು.

"ಏನ್ ಮೇಡಂ, ಮಾವನವರ ವಿದ್ಯೆ ಮೊಮ್ಮಗಳ ಹತ್ರ ನಡೀಲಿಲ್ವಾ?" ಊಟಕ್ಕೆ ಕೂತಾಗ ಗಂಡ ರವಿಕಿರಣ್ ಕಿಚಾಯಿಸಿದ. ಯಾರೂ ನಗಲಿಲ್ಲ. ಆಮೇಲಿನ ದಿನಗಳಲ್ಲಿ ನಂದಿತಾ ಮುನಿಸು ತೋರಿಸಲಿಲ್ಲ, ಹಟ ಮಾಡಲಿಲ್ಲ. ಎಲ್ಲಕ್ಕೂ "ಸರಿ ಮ್ಮಾ" ಎನ್ನುತ್ತಿದ್ದಳು. ಬೈದರೂ ಅದೇ.

ಒಂದು ಬೆಳಿಗ್ಗೆ ಗೇಟಿನಿಂದ ಹಾಲಿನ ಪ್ಯಾಕೆಟ್ ತರಲು ಹೋದ ಬೃಂದಾ ಗಿಡದ ಮುಂದೆ ಬಗ್ಗಿದಳು. ಮೋಟಿನ ಸುತ್ತ ಚಿಗುರು ಒತ್ತಾಗಿ ಒಡೆದಿತ್ತು. ಎಳೆ ಎಲೆಗಳ ಕಂಕುಳಲ್ಲಿ ಸಣ್ಣ ಸಣ್ಣ ಹೂಕುಚ್ಚು. ಅವಳು ಓಡಿಬಂದಳು.

"ಪುಟ್ಟಿ, ಬಾರೇ ಬೇಗ! ಬಂದಿದೆ ನೋಡು!"

"ತೆರಿಯುಂ ಮ್ಮಾ."

ಮೊದಲೇ ಗೊತ್ತಂತೆ. ಶೂ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ.

ಬೃಂದಾ ಅಡುಗೆಮನೆಗೆ ಬಂದು ಪ್ಯಾಕೆಟ್ ಕತ್ತರಿಸಲು ಕೈ ಚಾಚಿದಳು. ಮೊಳೆಯಲ್ಲಿ ಕತ್ತರಿ ಇರಲಿಲ್ಲ. ಡ್ರಾಯರಿನಲ್ಲಿಲ್ಲ, ಫ್ರಿಜ್ಜಿನ ಮೇಲಿಲ್ಲ.

"ಪುಟ್ಟಿ, ಕತ್ತ..."

ಹಾಲ್‌ನಲ್ಲಿ ಲೇಸು ಎಳೆಯುವ ಸದ್ದು ಥಟ್ಟನೆ ನಿಂತಿತು.

ಈ ಸಲ ಹುಡುಗಿ ಕತ್ತರಿ ಬಚ್ಚಿಟ್ಟಿದ್ದು ಓನರ್ ಆಂಟಿಗೆ ಹೆದರಿ ಅಲ್ಲ. ಬೃಂದಾ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ತಣ್ಣನೆಯ ಹಾಲು ಮಣಿಕಟ್ಟಿನಗುಂಟ ಮೊಣಕೈವರೆಗೆ ಇಳಿಯಿತು.