ಹೆಸರು ಕರೆಯದೆ ಎತ್ತಿದ ಹೆಣ

"ಬಾಯಿ ಮುಚ್ಚಲೇ ಸೂಳೇಮಗನ! ಹೆಸರು ಗಿಸರು ಕೂಗೀದಿ ಅಂದ್ರ ಹಲ್ಲು ಉದುರಸ್ತೀನಿ. ಎತ್ತು, ಜಲ್ದಿ!"

ಹವಾಲ್ದಾರ ಬೆಳಗಾವಿ ಕಡೆಯವನು. ಬೈಯುವಾಗ ಮಾತ್ರ ಅವನಿಗೆ ಕನ್ನಡ ನೆನಪಾಗುತ್ತಿತ್ತು. ಆಸ್ಪತ್ರೆಯ ಹಿತ್ತಲಲ್ಲಿ ಹೆಣವಾಗಿ ಮಲಗಿದ್ದ ತಮ್ಮ ಬಸವಂತನ ಕಿವಿಯ ಹತ್ತಿರ ಬಗ್ಗಿದ್ದ ಯಲ್ಲಪ್ಪ ಹಾಗೇ ನಿಂತುಬಿಟ್ಟ.

ಕನ್ನಡ ಸೀಮೆಯಿಂದ ಕೂಲಿಗೆ ಬಂದು ನೆಲೆಸಿದ್ದ ಅವರ ಕೇರಿಯಲ್ಲಿ ಹೆಣ ಎತ್ತುವ ಮುಂಚೆ ಒಡಹುಟ್ಟಿದವರು ಹೆಸರು ಹಿಡಿದು ಗಟ್ಟಿಯಾಗಿ ಕರೆಯಬೇಕು, ಸುತ್ತ ನಿಂತವರು "ಹೋದಾ" ಎಂದು ಓಗೊಡಬೇಕು. ಆಗಲೇ ಸತ್ತವನಿಗೆ ತಾನು ಸತ್ತದ್ದು ಗೊತ್ತಾಗುವುದು. ಇಲ್ಲದಿದ್ದರೆ ಸಂಜೆ ಮನೆಗೆ ಬರುತ್ತಾನೆ, ದುಡಿದು ಬಂದವನ ಹಾಗೆ ನೀರು ಕೇಳುತ್ತಾನೆ.

ಯಲ್ಲಪ್ಪ ಹೆದರಿದ. ಕರೆಯದೆಯೇ ಎತ್ತಿದ.

ಆ ವರ್ಷ ನಾಗಪುರ ಎರಡು ಹೋಳಾಗಿತ್ತು. ವಿದರ್ಭ ಬೇರೆ ರಾಜ್ಯವಾಗಲಿ ಎನ್ನುವವರು ಒಂದು ಕಡೆ, ಮರಾಠಿ ನಾಡೆಲ್ಲ ಒಂದಾಗಲಿ ಎನ್ನುವವರು ಇನ್ನೊಂದು ಕಡೆ. ಇತವಾರಿ ಪೇಟೆಯಲ್ಲಿ ಕೈಗಾಡಿ ಎಳೆಯುತ್ತಿದ್ದ ಬಸವಂತ ಬೆಳಿಗ್ಗೆ ಇವರ ಸಭೆಗೆ ಕುರ್ಚಿ ಸಾಗಿಸಿದರೆ ಸಂಜೆ ಅವರ ಸಭೆಗೆ ಸಾಗಿಸುತ್ತಿದ್ದ. ಎರಡು ಮೆರವಣಿಗೆ ಕೈಕೈ ಮಿಲಾಯಿಸಿ ಪೊಲೀಸರು ಗುಂಡು ಹಾರಿಸಿದಾಗ ಅವನು ಕುರ್ಚಿ ಇಳಿಸುತ್ತಿದ್ದ. ಎರಡೂ ಕಡೆಯ ಮುಖಂಡರಿಬ್ಬರೂ ಹಾರ ಹಿಡಿದು ಆಸ್ಪತ್ರೆಗೆ ಓಡಿಬಂದರು, ಹುತಾತ್ಮ ನಮ್ಮವನೆಂದು ಕಿತ್ತಾಡಿದರು. ಜಾತಿ ಕೇಳಿದ ಮೇಲೆ ಹಾರಗಳು ಬಂದ ದಾರಿ ಹಿಡಿದವು. ಸರ್ಕಾರದ ಕೆಲಸ ಹಗುರಾಯಿತು. ಗುಂಡಿಗೆ ಯಾರೂ ಸತ್ತಿಲ್ಲ ಎಂದು ಸಾರಿತು.

ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಗುಡಿಸಲ ಹೊರಗೆ ಗಾಡಿಯ ಗಾಲಿ ಕಿರುಗುಟ್ಟಿ ನಿಲ್ಲುತ್ತಿತ್ತು. ತಾಯಿ ಲಕ್ಷ್ಮವ್ವ ತಂಬಿಗೆ ತುಂಬಿ ಹೊಸ್ತಿಲಲ್ಲಿ ಇಡುತ್ತಿದ್ದಳು.

"ಎವ್ವಾ, ಅಂವ ಸತ್ತಾನ. ನಾನ ಮಣ್ಣು ಮಾಡಿ ಬಂದೀನಿ."

"ಕರದಿ ಏನು?"

ಯಲ್ಲಪ್ಪ ಹೊಸ್ತಿಲ ತಂಬಿಗೆಯ ಕಡೆ ನೋಡಿದ.

"ನೀ ಕರೀಲಿಲ್ಲ. ಸರ್ಕಾರ ಸತ್ತಿಲ್ಲ ಅಂತೈತಿ. ಅಂವ ಯಾರ ಮಾತು ಕೇಳಿ ಹೋಗಬೇಕೋ, ಹೇಡಿ?"



ಇತವಾರಿಯ ಚೌಕದಲ್ಲಿ ಶಾಂತಿಸಭೆ ಏರ್ಪಟ್ಟಿತು. ಕಸ ಗುಡಿಸಲು ಯಲ್ಲಪ್ಪ, ನೀರು ಚಿಮುಕಿಸಲು ಲಕ್ಷ್ಮವ್ವ. ವೇದಿಕೆಯ ಮೇಲೆ ಇಬ್ಬರು ಮುಖಂಡರ ನಡುವೆ ಕೂತಿದ್ದ ಸರ್ಕಾರಿ ಸಾಹೇಬ ಎದ್ದು ಹಿಂದಿಯಲ್ಲಿ ಮಾತಾಡಿದ. ಪಕ್ಷ ಎರಡಾದರೂ ಸರ್ಕಾರ ಒಂದೇ, ಅದಕ್ಕೆ ಎಲ್ಲರೂ ಮಕ್ಕಳು. ದೇವರ ದಯೆ, ಒಂದು ಜೀವವೂ ಹೋಗಲಿಲ್ಲ ಎಂದ. ಮಾತುಮಾತಿಗೂ ಜಗಳ ತೆಗೆಯುತ್ತಿದ್ದ ಮುಖಂಡರು ಈ ಒಂದಕ್ಕೆ ಒಟ್ಟಿಗೆ ಚಪ್ಪಾಳೆ ತಟ್ಟಿದರು.

ಯಲ್ಲಪ್ಪ ಪೊರಕೆ ಹಿಡಿದೇ ಮೆಟ್ಟಿಲು ಹತ್ತಿದ. ಕಸ ತೆಗೆಯಲು ಬಂದನೆಂದು ಯಾರೂ ತಡೆಯಲಿಲ್ಲ. ಸಾಹೇಬನನ್ನು ಸರಿಸಿ ಮೈಕಿಗೆ ಬಾಯಿ ಕೊಟ್ಟ.

"ಬಸವಂತಾ...!"

ಅಂಗಡಿಗಳ ಮಾಡಿಗೆ ಕಟ್ಟಿದ್ದ ಧ್ವನಿವರ್ಧಕದ ಭೋಂಗಾಗಳೆಲ್ಲ ಆ ಹೆಸರನ್ನು ಕೂಗಿದವು. ಹವಾಲ್ದಾರ ಓಡಿಬಂದು ಲಾಠಿಯಿಂದ ಅವನ ಬಾಯಿಗೇ ಹೊಡೆದ.

"ಯಾರನ್ನ ಕರದ್ಯೋ, ಬೋಳೀಮಗನ?"

"ನನ್ನ ತಮ್ಮನ್ನ," ಎಂದ ಯಲ್ಲಪ್ಪ ರಕ್ತ ಉಗುಳಿ. "ಕೊಂದವರು ಹೇಳವಲ್ರು. ಅದಕ್ಕ ನಾ ಹೇಳಾಕ ಬಂದೀನಿ."

ಕೈಗಾಡಿಗಳ ಸಾಲಿನಲ್ಲಿದ್ದ ಕೇರಿಯವರು ತಲೆ ತಗ್ಗಿಸಿದರು, ಯಾರೂ ಓಗೊಡಲಿಲ್ಲ. ಎರಡನೇ ಏಟು ಬಿತ್ತು. ಆಗ ಲಕ್ಷ್ಮವ್ವ ಕೊಡದ ನೀರನ್ನೆಲ್ಲ ವೇದಿಕೆಯ ಮುಂದೆ ಸುರಿದು ಬಾಯಿ ತೆರೆದಳು.

"ಹೋದಾ."

ಒಂದು ಗಾಡಿಯ ಹಿಂದಿನಿಂದ ಅದೇ ಮಾತು ಬಂತು, ಆಮೇಲೆ ಇನ್ನೊಂದರ ಹಿಂದಿನಿಂದ, ಆಮೇಲೆ ಇಡೀ ಸಾಲಿನಿಂದ. ಲಾಠಿ ಎತ್ತಿದ್ದ ಹವಾಲ್ದಾರ ಯಾರ ಬಾಯಿಗೆ ಹೊಡೆಯಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದ.