ಗೋಡೆಯಾಚೆಯ ಎಣ್ಣೆ

ತಿಕೋಟಾದಲ್ಲಿ ಮಹಾನಂದಾಳ ಮನೆಗೂ ಸಿದ್ದಲಿಂಗೇಶನ ಕಾಂಪೌಂಡ್ ಗೋಡೆಗೂ ನಡುವೆ ಒಂದು ಸಂದಿ. ವರ್ಷಗಟ್ಟಲೆ ಅಲ್ಲಿ ಒಡೆದ ಹಂಚು, ಮುಳ್ಳುಕಂಟಿ ಬಿದ್ದಿದ್ದವು. ಸಿದ್ದಲಿಂಗೇಶ ದ್ರಾಕ್ಷಿ ತೋಟದಲ್ಲೇ ಉಳಿದಿದ್ದ ತಿಂಗಳಲ್ಲಿ ಮಹಾನಂದಾ ಅದನ್ನೆಲ್ಲ ಬಳಿದು ಹಾಕಿ, ಗೊಬ್ಬರ ಹರವಿ, ಮೆಂತೆ, ರಾಜಗಿರಿ, ಬದನೆ ಬೆಳೆಸಿದಳು.

ಒಂದು ಬೆಳಿಗ್ಗೆ ಮೊದಲ ಮೆಂತೆ ಕಟ್ಟನ್ನು ಓಣಿಯ ಪೀರಾಂಬಿಗೆ ಕೊಟ್ಟಳು. ಅವಳ ಮಗಳು ಬಾಣಂತಿ, ಹಾಲಿಗೆ ಒಳ್ಳೆಯದೆಂದು.

ಮಧ್ಯಾಹ್ನ, ತೋಟದಿಂದ ಮರಳಿದ್ದ ಸಿದ್ದಲಿಂಗೇಶ ಗೋಡೆಯ ಮೇಲಿಂದ ಇಣುಕಿದ.

"ಅಕ್ಕಾರ, ನಿನ್ನೆ ನಮ್ಮ ಕಡಿ ಕಸಾ ಸಾಯೋ ಎಣ್ಣಿ ಹೊಡಿಯುವಾಗ ನಿಮ್ಮ ಸಂದ್ಯಾಗೂ ಹೊಡದೇನಿ. ಮುಳ್ಳೆಲ್ಲಾ ಒಣಗತಾವು."

"ಒಳಗ ನೋಡಿದ್ಯೇನು?"

"ಇಲ್ರಿ. ಗ್ವಾಡಿ ಮ್ಯಾಲಿಂದ ಪೈಪ್ ಹಿಡದೆ." ಅಷ್ಟರಲ್ಲಿ ಅವನ ಕಣ್ಣು ಹಸಿರು ಸಾಲುಗಳ ಮೇಲೆ ಬಿತ್ತು.

ಮಹಾನಂದಾ ಚಪ್ಪಲಿ ಮೆಟ್ಟದೆ ಓಡಿದಳು. ಪೀರಾಂಬಿಯ ಬಾಗಿಲು ತೆರೆದಿತ್ತು. ಮಗಳ ಮುಂದೆ ರೊಟ್ಟಿ, ಮೆಂತೆಪಲ್ಲೆ. ಮಹಾನಂದಾ ತಾಟು ಕಸಿದುಕೊಂಡಳು.

"ಎಷ್ಟ ತಿಂದಿ?"

"ಎರಡ ತುತ್ತ ಆಗೈತಿ, ಯಾಕ್ರಿ?"

ಮಹಾನಂದಾ ಎಣ್ಣೆಯ ಸಂಗತಿ ಹೇಳಿದಳು. ಪೀರಾಂಬಿ ಕೂಸನ್ನು ಎತ್ತಿಕೊಂಡು ಹಿಂದೆ ಸರಿದಳು. ಬೈಕು ನಿಂತ ಸದ್ದಾಯಿತು. ಕೈಯಲ್ಲಿ ಎಣ್ಣೆ ಡಬ್ಬಿ ಹಿಡಿದು ಸಿದ್ದಲಿಂಗೇಶ ಬಂದಿದ್ದ.

ದವಾಖಾನೆಯಲ್ಲಿ ಡಾಕ್ಟರು ಡಬ್ಬಿಯ ಮೇಲಿನದನ್ನು ಓದಿ, ಮಗಳು ಸಂಜೆವರೆಗೆ ಇಲ್ಲೇ ಇರಲಿ ಎಂದರು. ಕೂಸು ಹಾಲಿಗೆ ಅಳುತ್ತಿತ್ತು, ಅದಕ್ಕೆ ಪುಡಿ ಹಾಲು ಕಲಸಿ ಕುಡಿಸಿದರು. ಹೊರಗೆ ಬೆಂಚಿನ ಮೇಲೆ ಮೂವರೂ ಕುಳಿತಿದ್ದರು. ಸಿದ್ದಲಿಂಗೇಶ ಒಮ್ಮೆ, "ನಂದ ತಪ್ಪೈತಿ" ಎಂದ. ಪೀರಾಂಬಿ ಅವನತ್ತ ತಿರುಗಲೂ ಇಲ್ಲ.

ಹೊತ್ತು ಮುಳುಗುವಾಗ ಡಾಕ್ಟರು ಹೊರಗೆ ಬಂದು, "ಏನೂ ತ್ರಾಸ ಕಾಣವಲ್ದು. ಮನಿಗೆ ಕರಕೊಂಡ ಹೋಗ್ರಿ" ಎಂದರು.

ಮರುದಿನ ಅವಳೂ ಸಿದ್ದಲಿಂಗೇಶನೂ ಸಾಲುಗಳನ್ನೆಲ್ಲ ಕಿತ್ತು, ಮೇಲ್ಮಣ್ಣು ತೆಗೆದು, ಅವನ ತೋಟದಿಂದ ತಂದ ಹೊಸ ಮಣ್ಣು ತುಂಬಿದರು. ಆದರೆ ಬಿತ್ತುವ ಧೈರ್ಯ ಅವಳಿಗೆ ಬರಲಿಲ್ಲ. ಸಂದಿ ಬಹಳ ದಿನ ಖಾಲಿಯೇ ಉಳಿಯಿತು.

ಮಳೆಗಾಲದಲ್ಲಿ ಪೀರಾಂಬಿ ಸೆರಗಿನಲ್ಲಿ ಹೀರೇಬೀಜ ಕಟ್ಟಿಕೊಂಡು ಬಂದಳು.

"ನಾನೂ ಬಿತ್ತತೇನಿ ಮಹಾನಂದಕ್ಕಾ. ದಿನಾ ಬಂದ ನೋಡತೇನಿ."

ಮಹಾನಂದಾ ಬದಿಗೆ ಸರಿದು ದಾರಿ ಬಿಟ್ಟಳು.